ರೋಧ ಹೆಚ್ಚಾದ್ರ ಶಾಖ ಹೆಚ್ಚೋ ಕಮ್ಮಿಯೋ? ಹತ್ತನೇ ಕ್ಲಾಸಿನ ಎರಡು ಸೂತ್ರದ ಗೊಂದಲ

ಟ್ಯೂಷನ್ ಅಕ್ಕ, ಸೇಡಂ:

ಎಲ್ಲರಿಗೂ ನಮಸ್ಕಾರ. ಸಂಜಿ ಮುಂದ ನಮ್ಮ ಓಣಿ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡ್ತೀನಿ. ಈಗ ವಿದ್ಯುಚ್ಛಕ್ತಿ ಪಾಠ ನಡದದ. ಪುಸ್ತಕದಾಗ ಸಾಮರ್ಥ್ಯಕ್ಕ, ಅಂದ್ರ ಸೆಕೆಂಡಿಗೆ ಖರ್ಚಾಗೋ ವಿದ್ಯುತ್ ಶಕ್ತಿಗೆ, ಎರಡು ಸೂತ್ರ ಅವ (ಐ ಪ್ರವಾಹ, ವಿ ವೋಲ್ಟೇಜ್, ಆರ್ ರೋಧ). ಐ ಸ್ಕ್ವೇರ್ ಆರ್ ನೋಡಿದ್ರ ರೋಧ ಹೆಚ್ಚಾದಂಗ ಶಾಖ ಹೆಚ್ಚು. ವಿ ಸ್ಕ್ವೇರ್ ಬೈ ಆರ್ ನೋಡಿದ್ರ ರೋಧ ಹೆಚ್ಚಾದಂಗ ಶಾಖ ಕಮ್ಮಿ. ಒಬ್ಬ ಹುಡುಗಿ ಎರಡನ್ನೂ ಬೋರ್ಡಿನ ಮ್ಯಾಲ ಬಾಜೂಕ ಬಾಜೂಕ ಬರದು, "ಅಕ್ಕಾ, ಎರಡೂ ಖರೇ ಹ್ಯಾಂಗ ಆಗ್ತಾವ?" ಅಂದಳು. ಓಮ್‌ನ ನಿಯಮ ಹಾಕಿ ಒಂದರಿಂದ ಇನ್ನೊಂದು ಬರೋದು ತೋರಿಸಿದೆ. ಲೆಕ್ಕ ಒಪ್ಪಿದಳು, ಮನಸ್ಸು ಒಪ್ಪಲಿಲ್ಲ. ಅವರು ಮನಿಯೊಳಗ ನೋಡಿರೋ ಸಾಮಾನು ಹಿಡಿದು ಇದನ್ನ ತಿಳಿಸೋ ದಾರಿ ಅದ ಏನ್ರಿ?

ಮೋಟರ್ ವೈಂಡಿಂಗ್, ಶಹಾಪುರ:

ತಂಗಿ, ಆ ಹುಡುಗಿ ಭಾಳ ಛಲೋ ಕೇಳ್ಯಾಳ. ಆಕಿಗೆ ಹಳೇ ಕಾಯಿಲ್ ಒಲಿ ತೋರಿಸ್ರಿ. ಬಿಳಿ ಮಣ್ಣಿನ ಪ್ಲೇಟಿನ ಸಂದಿಯೊಳಗ ನೈಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ ಸುರುಳಿ ಕೂಡಿಸಿರ್ತಾರಲ್ಲ, ಅದು. ನಿಮ್ಮ ಎರಡೂ ಸೂತ್ರ ಆ ಒಂದೇ ಒಲಿಯೊಳಗ ಕಾಣ್ತಾವ.

ಕಾಯಿಲ್ ಒಂದು ಕಡಿ ಹರೀತದ. ಹೊಸಾದು ತರೋದು ಬಿಟ್ಟು ಸುಟ್ಟ ತುಂಡು ಕತ್ತರಿಸಿ, ಉಳಿದ ಎರಡು ತುದಿ ಹೊಸದು ಕೂಡಿಸಿ, ಮತ್ತ ಹಚ್ತಾರ. ಒಲಿ ಮೊದಲಿಗಿಂತ ಹೆಚ್ಚು ಕೆಂಪಾಗ್ತದ. ಯಾಕಂದ್ರ ತಂತಿ ಗಿಡ್ಡ ಆತು, ರೋಧ ಕಮ್ಮಿ ಆತು, ಪ್ಲಗ್ಗಿನ ವೋಲ್ಟೇಜ್ ಮಾತ್ರ ಅಷ್ಟೇ ಅದ. 220 ವೋಲ್ಟಿಗೆ 1000 ವ್ಯಾಟ್ ಒಲಿ ಅಂದ್ರ ರೋಧ 48.4 ಓಮ್, ಪ್ರವಾಹ ಸುಮಾರು 4.5 ಆಂಪಿಯರ್. ಹತ್ತರಾಗ ಒಂದು ಪಾಲು ಕತ್ತರಿಸಿದ್ರ ರೋಧ 43.56 ಓಮ್, ಒಲಿ 1111 ವ್ಯಾಟ್ ಆಗ್ತದ. ಇದು ವಿ ಸ್ಕ್ವೇರ್ ಬೈ ಆರ್.

ಈಗ ಆ ಕೂಡಿಸಿದ ಜಾಗಾ ನೋಡ್ರಿ. ಕೈಲೆ ಹೊಸೆದ ಜಾಯಿಂಟು ಎಷ್ಟು ಬಿಗಿ ಮಾಡಿದ್ರೂ ಸ್ವಲ್ಪ ಸಡಿಲೇ, ಒಂದೆರಡು ದಿನದಾಗ ಮ್ಯಾಲ ಕರಿ ಪದರ ಕೂಡ್ತದ. ಅಲ್ಲಿ ಅರ್ಧ ಓಮ್ ರೋಧ ಅದ ಅಂತ ಹಿಡೀರಿ. 43.56ರ ಮುಂದ ಅರ್ಧ ಓಮ್ ಯಾವ ಲೆಕ್ಕ? ಪ್ರವಾಹ ಹತ್ರಾಹತ್ರ ಅಷ್ಟೇ ಉಳೀತದ, ಸುಮಾರು 5 ಆಂಪಿಯರ್. 5ರ ವರ್ಗಕ್ಕ ಅರ್ಧ ಗುಣಿಸಿದ್ರ 12.5 ವ್ಯಾಟ್. ಜೋಳದ ಕಾಳಿನಷ್ಟು ಜಾಗಾದಾಗ 12.5 ವ್ಯಾಟ್! ಜಾಯಿಂಟಿನ ರೋಧ ಒಂದು ಓಮ್ ಆದ್ರ ಶಾಖ ಹತ್ರಾಹತ್ರ 25 ವ್ಯಾಟ್. ಇದು ಐ ಸ್ಕ್ವೇರ್ ಆರ್. ಇಲ್ಲಿ ರೋಧ ಹೆಚ್ಚಾದಂಗ ಶಾಖ ಹೆಚ್ಚಾತು, ಅದಕ್ಕ ಒಲಿ ಮತ್ತ ಅಲ್ಲೇ ಹರೀತದ.

ಸೂತ್ರ ಹಾಕೋಕಿಂತ ಮೊದಲು ಮಕ್ಕಳಿಗೆ ಒಂದೇ ಪ್ರಶ್ನಿ ಕೇಳಸ್ರಿ: ರೋಧ ಬದಲು ಮಾಡಿದಾಗ ಯಾವುದು ಬದಲಾಗದ ಉಳೀತದ, ವೋಲ್ಟೇಜೋ ಪ್ರವಾಹವೋ? ಇಡೀ ಒಲಿಗೆ ವೋಲ್ಟೇಜ್ ಕಟ್ಟಿಕೊಟ್ಟದ. ಜಾಯಿಂಟಿಗೆ ಪ್ರವಾಹ ಕಟ್ಟಿಕೊಟ್ಟದ, ಅದನ್ನ ಕಾಯಿಲ್ ಗೊತ್ತು ಮಾಡ್ತದ.

ಇದು ಬರೇ ಪರೀಕ್ಷಾದ ಮಾತಲ್ಲ. ಮನಿಯೊಳಗಿನ ಹೀಟರ್ ಪ್ಲಗ್ ತಗದು ನೋಡ್ರಿ. ಮೂರು ಪಿನ್ನಿನಾಗ ಒಂದರ ಸುತ್ತ ಮಾತ್ರ ಪ್ಲಾಸ್ಟಿಕ್ ಕಂದು ಬಣ್ಣ ತಿರುಗಿದ್ರ, ಅಲ್ಲಿ ಸಾಕೆಟ್ ಸಡಿಲಾಗ್ಯದ. ಆ ಶಾಖಕ್ಕ ಫ್ಯೂಸ್ ಹೋಗಲ್ಲ, ಯಾಕಂದ್ರ ಪ್ರವಾಹ ಹೆಚ್ಚಾಗಿರಲ್ಲ. ಅಂಥ ಸಾಕೆಟ್ ಅವತ್ತೇ ಬದಲಿಸ್ರಿ, ನಾಳಿ ಅನಬ್ಯಾಡ್ರಿ.

ವಿಜ್ಞಾನ ಶಿಕ್ಷಕ, ಬಸವಕಲ್ಯಾಣ:

ಶಹಾಪುರದ ಅಣ್ಣನವರ ಉತ್ತರವನ್ನು ನಾಳೆ ನನ್ನ ತರಗತಿಯಲ್ಲೇ ಬಳಸುತ್ತೇನೆ. ಅವರು ಕೇಳಲು ಹೇಳಿದ ಪ್ರಶ್ನೆಗೆ ಇನ್ನೂ ಎರಡು ಉದಾಹರಣೆ.

60 ವ್ಯಾಟ್ ಮತ್ತು 100 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬುಗಳು. ಮನೆಯಲ್ಲಿ ಅವು ಸಮಾಂತರ ಜೋಡಣೆಯಲ್ಲಿರುತ್ತವೆ, ಎರಡಕ್ಕೂ 220 ವೋಲ್ಟ್, 100ರದ್ದೇ ಹೆಚ್ಚು ಬೆಳಕು. ಸರಣಿಯಲ್ಲಿ ಜೋಡಿಸಿದರೆ ಎರಡರಲ್ಲೂ ಒಂದೇ ಪ್ರವಾಹ. 60ರ ಬಲ್ಬಿನ ರೋಧ ಸುಮಾರು 807 ಓಮ್, 100ರದ್ದು 484 ಓಮ್. ಆದ್ದರಿಂದ ಸರಣಿಯಲ್ಲಿ 60ರ ಬಲ್ಬೇ ಹೆಚ್ಚು ಬೆಳಗುತ್ತದೆ. ಮಕ್ಕಳು ಮೊದಲು ನಂಬುವುದಿಲ್ಲ. ಆದರೆ ಮನೆಯ ಕರೆಂಟಿನಲ್ಲಿ ಇದನ್ನು ಮಾಡಿಸಲೇಬೇಡಿ. ಟಾರ್ಚಿನ ಸೆಲ್ಲು ಮತ್ತು ಬೇರೆ ಬೇರೆ ಅಳತೆಯ ಟಾರ್ಚ್ ಬಲ್ಬು ಸಾಕು.

ಇನ್ನೊಂದು ಪಾಠದ ಪ್ರಶ್ನೆಯೇ: ಹೀಟರಿನ ಕಾಯಿಲ್ ಕೆಂಪಾಗುತ್ತದೆ, ಅದಕ್ಕೆ ಬಂದ ವೈರ್ ಯಾಕೆ ಕೆಂಪಾಗುವುದಿಲ್ಲ? ಎರಡೂ ಸರಣಿಯಲ್ಲಿವೆ, ಪ್ರವಾಹ ಒಂದೇ. ನೈಕ್ರೋಮ್‌ನ ರೋಧಶೀಲತೆ (ಒಂದೇ ಉದ್ದ, ಒಂದೇ ದಪ್ಪದ ತಂತಿಗಳನ್ನು ಹೋಲಿಸಿದಾಗಿನ ರೋಧ) ತಾಮ್ರಕ್ಕಿಂತ ಸುಮಾರು ಅರವತ್ತು ಪಟ್ಟು. ವೈರ್ ದಪ್ಪವೂ ಇರುತ್ತದೆ. ಆದ್ದರಿಂದ ವೈರಿನ ರೋಧ ಕಡಿಮೆ, ಶಾಖವೂ ಕಡಿಮೆ.

ಯಾವುದನ್ನು ಬದಲಾಗದಂತೆ ಇಡುವುದು ಎಂಬ ಕಷ್ಟ ಓಮ್ ಅವರಿಗೂ ಎದುರಾಗಿತ್ತು ಎಂಬುದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆಗ ಅವರು ಜರ್ಮನಿಯ ಕಲೋನ್‌ನಲ್ಲಿ ಶಾಲಾ ಮಾಸ್ತರರು. ಅಂದಿನ ಬ್ಯಾಟರಿಗಳ ವೋಲ್ಟೇಜ್ ಪ್ರಯೋಗ ಮುಗಿಯುವಷ್ಟರಲ್ಲೇ ಇಳಿಯುತ್ತಿತ್ತು. ಆದ್ದರಿಂದ ಬಿಸ್ಮತ್ ಮತ್ತು ತಾಮ್ರ ಸೇರಿಸಿದ ಉಷ್ಣಯುಗ್ಮವನ್ನು (ಎರಡು ಸಂಧಿಗಳ ಬಿಸಿಯ ವ್ಯತ್ಯಾಸದಿಂದ ವೋಲ್ಟೇಜ್ ಕೊಡುವ ಸಾಧನ) ಹಿಡಿದು, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಆಗ ವೋಲ್ಟೇಜ್ ಅಲುಗಾಡದೆ ನಿಂತಿತು, ತಂತಿಯ ಉದ್ದ ಬದಲಿಸಿದಂತೆ ಪ್ರವಾಹ ಹೇಗೆ ಬದಲಾಗುತ್ತದೆ ಎಂದು ಅಳೆಯಲು ಆಯಿತು. 1827ರಲ್ಲಿ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದರು.

ಟ್ಯೂಷನ್ ಅಕ್ಕ, ಸೇಡಂ:

ಇಬ್ಬರಿಗೂ ಶರಣು. ಒಲಿ ಲೆಕ್ಕ ಹೇಳಿದೆ, ಆ ಹುಡುಗಿ ಮಾರಿ ಅರಳಿತು. ಆದ್ರ ಆಕಿ ಸುಮ್ಮನಾಗಲಿಲ್ಲ. "ವೋಲ್ಟೇಜ್ ಕಮ್ಮಿ ಆದ್ರ ಬಲ್ಬ್ ಮಂದ ಆಗ್ತದ, ಒಲಿ ತಣ್ಣಗಾಗ್ತದ. ನಮ್ಮ ಹೊಲದಾಗಿನ ಮೋಟರ್ ಮಾತ್ರ ವೋಲ್ಟೇಜ್ ಕಮ್ಮಿ ಆದಾಗೇ ಯಾಕ ಸುಡ್ತದ?" ಅಂತಾಳ. ಅಣ್ಣಾ, ಇದು ನಿಮ್ಮದೇ ಕಸಬು.

ಮೋಟರ್ ವೈಂಡಿಂಗ್, ಶಹಾಪುರ:

ಈ ಕೂಸಿನ್ನ ಸೈನ್ಸಿಗೆ ಹಚ್ರಿ ತಂಗಿ, ಅವರ ಅಪ್ಪಗ ನನ್ನ ಹೆಸರಿಲೆ ಹೇಳ್ರಿ.

ಬಲ್ಬು, ಒಲಿ ಬರೇ ರೋಧ. ವೋಲ್ಟೇಜ್ ಇಳಿದ್ರ ಪ್ರವಾಹನೂ ಇಳೀತದ, ಕೆಲಸನೂ ಕಮ್ಮಿ ಆಗ್ತದ. ಮೋಟರ್ ಹಂಗಲ್ಲ. ತಿರುಗೋ ಮೋಟರ್ ಒಳಗ ಎದುರು ವೋಲ್ಟೇಜ್ ಹುಟ್ಟಿ ಪ್ರವಾಹ ತಡೀತಿರ್ತದ. ಬೋರಿನಿಂದ ನೀರು ಎತ್ತೋ ಭಾರ ವೋಲ್ಟೇಜ್ ಇಳಿದ್ರೂ ಹತ್ರಾಹತ್ರ ಅಷ್ಟೇ ಇರ್ತದ. ಅದನ್ನ ಎತ್ಲಕ ಮೋಟರ್ ಹೆಚ್ಚು ಪ್ರವಾಹ ಎಳೀತದ. ವೈಂಡಿಂಗಿನ ತಾಮ್ರದ ರೋಧ ಇದ್ದಷ್ಟೇ ಅದ, ಹಂಗಾಗಿ ಐ ಸ್ಕ್ವೇರ್ ಆರ್: ಪ್ರವಾಹ ಕಾಲು ಭಾಗ ಹೆಚ್ಚಾದ್ರ ಶಾಖ ಒಂದೂವರಿ ಪಟ್ಟಿಗೂ ಮ್ಯಾಲ. ವೋಲ್ಟೇಜ್ ಸಾಲದೇ ಚಾಲೂ ಆಗದ ಗಕ್ಕನ ನಿಂತ್ರ ಇನ್ನೂ ಕೆಟ್ಟ, ಎದುರು ವೋಲ್ಟೇಜೇ ಇರಲ್ಲ, ಪ್ರವಾಹ ಹಲವು ಪಟ್ಟು ಏರ್ತದ.

ನಾ ಬಿಚ್ಚಿದ ಮೋಟರಿನಾಗ ಇದು ಎದ್ದು ಕಾಣ್ತದ. ಲೋಡ್ ಹೆಚ್ಚಾಗಿಯೋ ವೋಲ್ಟೇಜ್ ಇಳಿದೋ ಸುಟ್ಟಿದ್ರ ಸುತ್ತಲೂ ಎಲ್ಲಾ ಕಾಯಿಲ್ ಒಂದೇ ಸಮ ಕರ್ರಗಾಗಿರ್ತಾವ. ಮೂರು ಫೇಸಿನಾಗ ಒಂದು ಹೋಗಿ ಸುಟ್ಟಿದ್ರ ಕೆಲವು ಕಾಯಿಲ್ ಕರಿ, ನಡುನಡುವಿನವು ವಾರ್ನಿಶ್ ಬಣ್ಣ ಕೂಡ ಕೆಡದ ಹಂಗೇ ಉಳಿದಿರ್ತಾವ.

ಅವರ ಅಪ್ಪಗ ಇನ್ನೊಂದು ಹೇಳ್ರಿ: ಮೋಟರಿನ ನೇಮ್ ಪ್ಲೇಟಿನ ಮ್ಯಾಲ ಬರದ ಆಂಪಿಯರ್ ನೋಡಿಕೊಂಡು, ಸ್ಟಾರ್ಟರ್ ಡಬ್ಬಿಯ ಆಮ್ಮೀಟರ್ ಮುಳ್ಳು ಅದನ್ನ ದಾಟಿ ನಿಂತ್ರ ಕೂಡಲೇ ಬಂದ್ ಮಾಡ್ಲಿ. ಪ್ರವಾಹ ಮಿತಿ ದಾಟಿದ್ರ ಮೋಟರ್ ತಾನೇ ಬಂದ್ ಮಾಡೋ ಓವರ್‌ಲೋಡ್ ರಿಲೇನೂ ಅಷ್ಟಕ್ಕೇ ಸೆಟ್ ಮಾಡಿರಲಿ, ಪದೇ ಪದೇ ಬೀಳ್ತದಂತ ತಿರುವಿ ಏರಿಸಬಾರದು.