ಅಪ್‌ಡೇಟ್: ತುಮಕೂರಲ್ಲೇ ಎಂಎಸ್‌ಡಬ್ಲ್ಯೂ ಸೇರಿದೆ

ಮಾನವೀಯ ನೆರವು, ಸಾಮಾಜಿಕ ಒಳಗೊಳ್ಳುವಿಕೆ ಓದೋಕೆ ಹೊರದೇಶಕ್ಕೇ ಹೋಗಬೇಕಾ, ಇಲ್ಲೇ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದರೆ ಸಾಕಾ ಅಂತ ಕೇಳಿದ್ದೆ. ತುಮಕೂರು ವಿಶ್ವವಿದ್ಯಾಲಯ ಸೇರಿದೆ. "ಮೊದಲು ನಿಮ್ಮೂರು ನೋಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, 21 ಬಗೆಯ ಅಂಗವೈಕಲ್ಯ ಅದರಲ್ಲಿದೆ. ಕ್ಲಾಸಲ್ಲಿ ಓದಿದ್ದು ಇಷ್ಟು. ಫೀಲ್ಡ್‌ವರ್ಕಿನಲ್ಲಿ ಒಂದು ಕಚೇರಿಯ ರ್‍ಯಾಂಪನ್ನು ಟೇಪ್ ಹಿಡಿದು ಅಳೆದೆವು. ಜಗಲಿ ಎರಡಡಿ ಎತ್ತರ. 1:12ರ ಇಳಿಜಾರಿಗೆ, ಅಂದ್ರೆ ಒಂದಡಿ ಎತ್ತರಕ್ಕೆ 12 ಅಡಿಯಂತೆ, 24 ಅಡಿ ಉದ್ದ ಬೇಕು, ಅಲ್ವಾ? ಇದ್ದದ್ದು ಏಳೇ ಅಡಿ. ಪಿಂಚಣಿಗೆ ಬಂದಿದ್ದ ಅಜ್ಜಿಯನ್ನು ವೀಲ್‌ಚೇರ್ ಸಮೇತ ಇಬ್ಬರು ಎತ್ತಿಕೊಂಡು ಹತ್ತಿಸಿದರು. ಅಜ್ಜಿ ಸೆರಗು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ನನಗೆ ಅಳುವೇ ಬಂತು.

ಅಳತೆ ಬರೆದು ಅರ್ಜಿ ಕೊಟ್ಟಿದ್ದೇವೆ. ಹೊರದೇಶದ ಆಸೆ ಬಿಟ್ಟಿಲ್ಲ, ಈ ಎರಡು ವರ್ಷ ಮುಗಿಯಲಿ.