ಕಥೆಯಿಲ್ಲದ ನಾಯಿ

"ಕಥೆಯಿಲ್ಲದಿದ್ದರೆ ಈ ನಾಯಿಯನ್ನು ಯಾರೂ ದತ್ತು ತೆಗೆದುಕೊಳ್ಳುವುದಿಲ್ಲ" ಎಂದು ನಾಣಿ ಮೊಬೈಲನ್ನು ಗುಂಡನ ಮೂತಿಗೆ ಹಿಡಿದುಕೊಂಡೇ ತೀರ್ಪು ಕೊಟ್ಟ. ಆಶ್ರಯಧಾಮದ ಕಚೇರಿಯೆಂದು ನಾವು ಗೌರವದಿಂದ ಕರೆಯುವ ಆ ಕೋಣೆಯ ಅರ್ಧವನ್ನು ದಾನವಾಗಿ ಬಂದ ಹಳೆಯ ಕಂಬಳಿಗಳೂ ಉಳಿದರ್ಧವನ್ನು ರಾಯರ ಲೆಕ್ಕದ ಪುಸ್ತಕಗಳೂ ಆಕ್ರಮಿಸಿಕೊಂಡಿರುವುದರಿಂದ, ಗುಂಡನು ಎಲ್ಲರ ಕಾಲ ಮೇಲೂ ಸಮನಾಗಿ ಹಂಚಿಕೊಂಡು ಮಲಗಿತ್ತು.

"ಕಥೆಯೆಂದರೆ ಎಂಥ ಕಥೆಯಪ್ಪಾ?" ಎಂದು ರಾಯರು ಕೇಳಿದರು.

"ಕಣ್ಣೀರು ಬರಿಸುವಂಥದ್ದು, ರಾಯರೇ. ಚರಂಡಿಯಿಂದ ಎತ್ತಿದ್ದು, ಕಂಬಕ್ಕೆ ಕಟ್ಟಿ ಬಿಟ್ಟುಹೋದದ್ದು, ಮಳೆಯಲ್ಲಿ ನಡುಗುತ್ತಿದ್ದದ್ದು. ಮೊದಲ ಮೂರು ಸೆಕೆಂಡಿನಲ್ಲಿ ಕರುಳು ಹಿಂಡದಿದ್ದರೆ ಜನ ಮುಂದಿನ ವಿಡಿಯೊಗೆ ಹೋಗಿಬಿಡುತ್ತಾರೆ."

"ಗುಂಡನನ್ನು ಸಾಕಿದ್ದವರು ಮನೆ ಬದಲಾಯಿಸಿದರು, ಹೊಸ ಮನೆಯ ಮಾಲೀಕರು ನಾಯಿ ಬೇಡವೆಂದರು, ಇವರು ಅದರ ತಟ್ಟೆ, ಹಾಸಿಗೆ, ಲಸಿಕೆಯ ಚೀಟಿಗಳನ್ನೆಲ್ಲ ಜೋಡಿಸಿಕೊಂಡು ಬಂದು ನಮ್ಮ ಕೈಗೆ ಒಪ್ಪಿಸಿ ಹೋದರು" ಎಂದರು ಸರೋಜಕ್ಕ.

"ಅಯ್ಯೋ, ಅಷ್ಟೊಂದು ಒಳ್ಳೆಯವರೇ!" ನಾಣಿಗೆ ಪ್ರಾಮಾಣಿಕವಾದ ನಿರಾಶೆಯಾಯಿತು. "ಒಂದು ದಿನವಾದರೂ ಉಪವಾಸ ಕೆಡವಿರಲಿಲ್ಲವೇ? ಹೋಗಲಿ, ಇದಕ್ಕೆ ಸ್ವಲ್ಪ ಕುಂಟಲಾದರೂ ಬರುತ್ತದೆಯೇ?"

ಗುಂಡನು ಉತ್ತರವಾಗಿ ಬೆನ್ನ ಮೇಲೆ ಉರುಳಿ, ದುಃಖದ ಸುಳಿವೇ ಇಲ್ಲದ ತನ್ನ ಹೊಟ್ಟೆಯನ್ನು ಕ್ಯಾಮೆರಾಕ್ಕೆ ಪ್ರದರ್ಶಿಸಿತು.

"ಇಲ್ಲಿಗೆ ಬರುವವರು ಈಗ ಪ್ರಾಣಿಯನ್ನು ನೋಡುವ ಮೊದಲು ಅದರ ಆತ್ಮಚರಿತ್ರೆಯನ್ನು ಕೇಳುತ್ತಾರೆ" ಎಂದು ಸರೋಜಕ್ಕ ಮುಂದುವರಿಸಿದರು. "ಒಂದು ಕಣ್ಣಿಲ್ಲದ ಬೆಕ್ಕಿನ ಮರಿಗಾಗಿ ಜನ ಸಾಲುಗಟ್ಟಿ ಬಂದರು. ಎರಡೂ ಕಣ್ಣಿರುವ ಅದರ ತಂಗಿ ಇನ್ನೂ ಇಲ್ಲಿಯೇ ಇದೆ. ಪಾಪ, ಅದಕ್ಕೆ ಅದರ ಆರೋಗ್ಯವೇ ಶತ್ರು."

"ಹಾಗಿದ್ದರೆ ಪಶುವೈದ್ಯರಿಗೆ ಇಷ್ಟು ಹಣ ಸುರಿಯುವುದೇಕೆ?" ಎಂದು ಖಜಾಂಚಿಗಿರಿಯನ್ನು ಧರ್ಮವಾಗಿ ಸ್ವೀಕರಿಸಿರುವ ರಾಯರು ಆಸೆಯಿಂದ ತಲೆಯೆತ್ತಿದರು.

ನಾಣಿ ಬಿಡಲಿಲ್ಲ. ಗೂಡುಗಳ ಚಾವಣಿ ಸೋರುತ್ತಿದ್ದಾಗ ಅದನ್ನು ಹೊದಿಸಲು ಹಣ ಬಂದದ್ದು ತನ್ನ ವಿಡಿಯೊದಿಂದಲೇ ಎಂದು ನೆನಪಿಸಿದ. ಅದು ನಿಜವೂ ಆಗಿದ್ದುದರಿಂದ ರಾಯರು ಪುಸ್ತಕ ತೆರೆದು ಸಾಕ್ಷಿ ನುಡಿದರು. ಸರೋಜಕ್ಕನೂ ಅಲ್ಲಗಳೆಯಲಿಲ್ಲ.

"ಹಣ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಆ ಡಬ್ಬದ ಮರಿಗಳ ವಿಡಿಯೊ ಮಾಡಿದ್ದೆಯಲ್ಲ, ಅದು ನೆನಪಿದೆಯೇ? ರಾತ್ರೋರಾತ್ರಿ ಯಾರೋ ಗೇಟಿನ ಮುಂದೆ ಇಟ್ಟುಹೋದದ್ದು, ಮೇಲೆ 'ನಾನು ಪ್ರಾಣಿಪ್ರಿಯ' ಎಂಬ ಚೀಟಿ ಬೇರೆ. ಜಗತ್ತೆಲ್ಲ ನೋಡಿ ಮೆಚ್ಚಿತು. ಮೂರನೆಯ ದಿನ ಪಾರ್ವೊ ಹಿಡಿಯಿತು. ಲಸಿಕೆ ಬೀಳದ ಮರಿಗಳ ಕರುಳನ್ನೇ ಹಿಡಿಯುವ ರೋಗ ಅದು. ಬಾಯಿಗೆ ಹನಿ ನೀರು ಹಾಕಿದರೂ ಉಳಿಯುವುದಿಲ್ಲ. ಒಂದೊಂದಾಗಿ ಎಲ್ಲವೂ ಹೋದವು. ಆಗ ನಿನ್ನ ಅಭಿಮಾನಿಗಳು 'ಎರಡನೆಯ ಭಾಗ ಯಾವಾಗ?' ಎಂದು ಕೇಳುತ್ತಿದ್ದರು. ಆ ರೋಗಾಣು ಸಾಮಾನ್ಯ ಸೋಂಕುನಾಶಕಗಳಿಗೆ ಬಗ್ಗುವುದಿಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ನಾನೂ ಶೀನಣ್ಣನೂ ಕಂಬಳಿಗಳನ್ನೆಲ್ಲ ಸುಟ್ಟು, ಇಡೀ ನೆಲವನ್ನು ಬ್ಲೀಚ್ ನೀರಿನಲ್ಲಿ ಉಜ್ಜಿದೆವು. ಎರಡನೆಯ ಭಾಗವೆಂದರೆ ಅದೇ. ಅದನ್ನು ತೆಗೆಯಲು ನೀನು ಬರಲಿಲ್ಲ."

ನಾಣಿ ಮೊಬೈಲನ್ನು ಮಡಿಲಿಗೆ ಇಳಿಸಿದ. ಮಾತು ಎಲ್ಲಿಗೋ ಹೋಯಿತೆಂದು ಅನ್ನಿಸಿದ್ದರಿಂದಲೋ ಏನೋ, ಅಪರೂಪಕ್ಕೆ ಬಾಯಿ ತೆರೆಯುವ ಶೀನಣ್ಣ, ದತ್ತು ಹೋದ ನಾಯಿಗಳು ವಾರದೊಳಗೆ ಹಿಂದಕ್ಕೆ ಬರುವುದೂ ಈ ಕಥೆಗಳ ದೆಸೆಯಿಂದಲೇ ಎಂದರು. ಕಥೆಯನ್ನು ನೋಡಿ ಒಯ್ದವರಿಗೆ, ಮನೆಗೆ ಬಂದ ನಾಯಿ ಮೊದಲ ದಿನವೇ ಕೃತಜ್ಞತೆಯಿಂದ ಕಾಲು ನೆಕ್ಕಬೇಕೆಂಬ ನಿರೀಕ್ಷೆಯಿರುತ್ತದೆ. ಅದಾದರೋ ಸೋಫಾದ ಹಿಂದೆ ಅವಿತು ಅಲ್ಲಿಯೇ ಉಚ್ಚೆ ಹೊಯ್ಯುತ್ತದೆ. ದಿಗಿಲು ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ಇದು ನನ್ನ ಮನೆಯೆಂದು ನಂಬಲು ಮೂರು ತಿಂಗಳು ಎಂಬುದು ಆಶ್ರಯಧಾಮಗಳವರೆಲ್ಲ ಹೇಳಿಕೊಳ್ಳುವ ಅಂದಾಜು.

"ನಿಮ್ಮ ಮನೆಗೆ ಎರಡು ವಾರದ ಮಟ್ಟಿಗೆಂದು ಕೊಟ್ಟ ಕುರುಡು ನಾಯಿಗೆ ಈಗ ಎಷ್ಟನೆಯ ವರ್ಷ ನಡೆಯುತ್ತಿದೆ, ಶೀನಣ್ಣ?" ಎಂದು ರಾಯರು ಚುಚ್ಚಿದರು.

"ತಾತ್ಕಾಲಿಕವಾಗಿ ಇದೆ" ಎಂದರು ಶೀನಣ್ಣ.

"ಅವರನ್ನು ಯಾಕೆ ಹಂಗಿಸುತ್ತೀರಿ?" ಎಂದು ಸರೋಜಕ್ಕ ನಕ್ಕರು. "1860ರಲ್ಲಿ ಮೇರಿ ಟೀಲ್ಬಿ ಎಂಬ ಹೆಂಗಸು ಲಂಡನ್ನಿನಲ್ಲಿ ಆಶ್ರಯಧಾಮ ತೆರೆದು, ದಾರಿ ತಪ್ಪಿದ ಮತ್ತು ಹಸಿದ ನಾಯಿಗಳ ತಾತ್ಕಾಲಿಕ ಮನೆಯೆಂದು ಹೆಸರಿಟ್ಟಳು. ಮನುಷ್ಯರಿಗೇ ದಿಕ್ಕಿಲ್ಲದಿರುವಾಗ ನಾಯಿಗಳಿಗೆ ಮನೆಯೇ ಎಂದು ಪತ್ರಿಕೆಯವರು ಗೇಲಿ ಮಾಡಿದರು. ಅವಳು 1865ರಲ್ಲಿ ತೀರಿಕೊಂಡಳು. 1871ರಲ್ಲಿ ಬ್ಯಾಟರ್‌ಸೀಗೆ ಸ್ಥಳಾಂತರವಾದ ಆ ತಾತ್ಕಾಲಿಕ ಮನೆ ಇಂದಿಗೂ ನಡೆಯುತ್ತಿದೆ."

"ಲೆಕ್ಕಪತ್ರ ಯಾರು ನೋಡುತ್ತಿದ್ದರೋ" ಎಂದು ರಾಯರು ಆ ಅಜ್ಞಾತ ಖಜಾಂಚಿಗಾಗಿ ಮರುಗಿದರು.

"ಇಷ್ಟೆಲ್ಲ ನೋವೇ ಆದರೆ ನೀವು ಇದನ್ನು ನಡೆಸುವುದೇಕೆ, ಅಕ್ಕ?" ನಾಣಿ ಮೆಲ್ಲಗೆ ಕೇಳಿದ; ಕೈ ಮಾತ್ರ ರೆಕಾರ್ಡಿನ ಗುಂಡಿಯ ಮೇಲಿತ್ತು.

"ಕಣ್ಣು ತೆರೆಯದ ಬೆಕ್ಕಿನ ಮರಿಗೆ ರಾತ್ರಿಯಿಡೀ ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಿ, ಒದ್ದೆ ಹತ್ತಿಯಿಂದ ಒರೆಸಿ ಉಚ್ಚೆ ಹೊಯ್ಯಿಸಿ ಬೆಳೆಸಿದ್ದೆನಲ್ಲ, ಅದನ್ನು ಮೊನ್ನೆ ಅದರ ಹೊಸ ಮನೆಯಲ್ಲಿ ನೋಡಿದೆ. ನನ್ನನ್ನು ಕಂಡದ್ದೇ ಬೆನ್ನು ಉಬ್ಬಿಸಿ, ಬುಸ್ಸೆಂದು, ಆ ಮನೆಯಾಕೆಯ ಕಾಲ ಹಿಂದೆ ಅಡಗಿಕೊಂಡಿತು. ನನಗೆ ಬಹಳ ಸಂತೋಷವಾಯಿತು. ಮನೆಗೆ ಬಂದು ಸ್ವಲ್ಪ ಅತ್ತೆ. ಇದರಲ್ಲಿ ಯಾವುದನ್ನು ನೀನು ವಿಡಿಯೊ ಮಾಡುತ್ತೀಯೋ?"

ನಾಣಿ ಗುಂಡಿಯಿಂದ ಬೆರಳು ತೆಗೆದ. ಆಮೇಲೆ ಗುಂಡನ ವಿಷಯದಲ್ಲಿ ತಾನು ಬರೆಯಬೇಕಾದದ್ದು ಏನೆಂದು ಕೇಳಿದ. ಸರೋಜಕ್ಕ ಹೇಳಿ ಬರೆಸಿದರು: ವಯಸ್ಸು ಏಳು, ಲಸಿಕೆಗಳಾಗಿವೆ, ಸಂತಾನಹರಣದ ಶಸ್ತ್ರಚಿಕಿತ್ಸೆಯೂ ಆಗಿದೆ, ಮಕ್ಕಳೊಡನೆ ಸರಿಯಾಗಿರುತ್ತದೆ, ಗುಡುಗಿಗೆ ಹೆದರುತ್ತದೆ.

"ಇದನ್ನು ಓದಿ ಯಾರು ಬರುತ್ತಾರೆ?" ಎಂದು ರಾಯರು ಗೊಣಗಿದರು.

ನಾಣಿಯ ಮೊಬೈಲು ಕೆಲ ನಿಮಿಷಗಳಲ್ಲಿಯೇ ಸದ್ದು ಮಾಡಿತು. "ಹಳೆಯ ಮನೆಯವರು ಹೊಡೆಯುತ್ತಿದ್ದರೇ ಎಂದು ಕೇಳಿದ್ದಾರೆ, ಅಕ್ಕ."

"ಇಲ್ಲ, ಮನೆ ಬದಲಾಯಿಸಿದರು ಎಂದು ಬರೆ."

"ಅಷ್ಟೇನಾ ಎನ್ನುತ್ತಾರೆ."

"ಅಷ್ಟೇ ಎಂದು ಬರೆ."

ಬಹಳ ಹೊತ್ತು ಯಾವ ಸದ್ದೂ ಇಲ್ಲ. ಆಮೇಲೆ ಇನ್ನೊಂದು ಬಂತು. ನಾಣಿ ಓದಿದ: "ಗುಡುಗಿದಾಗ ಅದು ಎಲ್ಲಿ ಅವಿತುಕೊಳ್ಳುತ್ತದೆ? ನಮ್ಮ ಮನೆಯ ಮಂಚ ತುಸು ತಗ್ಗು, ಅಡಿಯಲ್ಲಿ ಹಿಡಿಸುತ್ತದೆಯೋ ಇಲ್ಲವೋ ಎಂದು ಕೇಳಿದೆ."

"ಇವರ ನಂಬರು ತೆಗೆದುಕೊ" ಎಂದರು ಸರೋಜಕ್ಕ.

ರಾಯರು ಅಳತೆಯ ಟೇಪು ಹುಡುಕುತ್ತ ಲೆಕ್ಕದ ಪುಸ್ತಕಗಳನ್ನೆಲ್ಲ ಕೆಡವಿದರು. ಗುಂಡನಂತೂ ಎದ್ದು ನಿಲ್ಲಲು ಒಪ್ಪಲಿಲ್ಲ.