ಗೇಮಿಂಗ್ ಪಿಸಿ ಟಿವಿಗೆ ಹಾಕಿದೆ, ಅಂಚು ಕಾಣುತ್ತಿಲ್ಲ, ಅಕ್ಷರ ಮಸುಕು. ಮಾಡಿದವರು ಹೇಳಿ

ಪ್ರಶ್ನೆ: ಹಾಲ್‌ನಲ್ಲಿ 43 ಇಂಚಿನ 4ಕೆ ಟಿವಿ ಇದೆ. ಪಿಸಿಯಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಹಬ್ಬಕ್ಕೆ ತಮ್ಮ ಬಂದಿದ್ದಾನೆ, ಇಬ್ಬರೂ ಕೂತು ಆಡೋಣ ಅಂತ ಪಿಸಿ ಎತ್ತಿಕೊಂಡು ಬಂದು ಎಚ್‌ಡಿಎಂಐ ಹಾಕಿದೆ. ಟಾಸ್ಕ್‌ಬಾರ್ ಅರ್ಧ ಕೆಳಗೆ ಹೋಗಿದೆ. ಅಕ್ಷರ ಕಲೆಸಿದ ಹಾಗೆ ಕಾಣುತ್ತದೆ. ಬಟನ್ ಒತ್ತಿ ಒಂದು ಗಳಿಗೆ ಆದಮೇಲೆ ಗುಂಡು ಹಾರುತ್ತದೆ. ಅಂಗಡಿಯವರು ದುಬಾರಿ ಕೇಬಲ್ ತಗೊಳ್ಳಿ ಅಂತಾರೆ. ತಗೊಳ್ಳಲಾ?

ಮೈಸೂರಿನಿಂದ:
ಈಗಲೇ ತಗೋಬೇಡಿ. ನೀವು ಹೇಳಿದ ಮೂರೂ ತೊಂದರೆ ನಮ್ಮ ಮನೆಯಲ್ಲೂ ಇತ್ತು, ಮೂರೂ ಟಿವಿಯ ಸೆಟ್ಟಿಂಗ್‌ನಲ್ಲೇ ಸರಿ ಹೋಯಿತು.

ಅಂಚು ಕತ್ತರಿಸುವುದಕ್ಕೆ ಓವರ್‌ಸ್ಕ್ಯಾನ್ ಅಂತಾರೆ. ಡಬ್ಬಾ ಟಿವಿಗಳ ಕಾಲದಲ್ಲಿ ಚಿತ್ರದ ಅಂಚು ಸರಿ ಬರುತ್ತಿರಲಿಲ್ಲ, ಅದಕ್ಕೆ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಆಚೆ ತಳ್ಳುತ್ತಿದ್ದರು. ಆ ಅಭ್ಯಾಸ ಇವತ್ತಿಗೂ ಹಲವು ಟಿವಿಗಳಲ್ಲಿ ಉಳಿದಿದೆ. ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್', ಸೋನಿಯಲ್ಲಿ 'ಫುಲ್ ಪಿಕ್ಸೆಲ್', ಸ್ಯಾಮ್‌ಸಂಗ್‌ನಲ್ಲಿ 'ಫಿಟ್ ಟು ಸ್ಕ್ರೀನ್' ಅಂತ ಇರುತ್ತದೆ, ಪಿಕ್ಚರ್ ಸೈಜ್ ಕೆಳಗೆ ಹುಡುಕಿ. ಗ್ರಾಫಿಕ್ಸ್ ಕಾರ್ಡ್ ಸಾಫ್ಟ್‌ವೇರ್‌ನಲ್ಲಿ ಚಿತ್ರ ಕುಗ್ಗಿಸಿ ಅಡ್ಜಸ್ಟ್ ಮಾಡಬೇಡಿ. ಒಮ್ಮೆ ಕುಗ್ಗಿಸಿ, ಮತ್ತೆ ಟಿವಿ ಹಿಗ್ಗಿಸಿ, ಇನ್ನೂ ಮಸುಕಾಗುತ್ತದೆ.

ಅಕ್ಷರ ಕಲೆಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೆಳಕಿನ ಮಾಹಿತಿ ಪ್ರತಿ ಚುಕ್ಕಿಗೂ ಬೇರೆ ಬೇರೆ ಇರುತ್ತದೆ, ಬಣ್ಣವನ್ನು ಮಾತ್ರ ಅಕ್ಕಪಕ್ಕದ ಚುಕ್ಕಿಗಳಿಗೆ ಟಿವಿ ಹಂಚಿಬಿಡುತ್ತದೆ. ಸಿನಿಮಾ ನೋಡುವಾಗ ಗೊತ್ತೇ ಆಗುವುದಿಲ್ಲ. ಆದರೆ ಕಪ್ಪು ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬರೆದು ಹತ್ತಿರ ಹೋಗಿ ನೋಡಿ, ಕುಂಕುಮ ಒದ್ದೆಯಾಗಿ ಹರಡಿದ ಹಾಗಿರುತ್ತದೆ. ಟಿವಿಯ ಇನ್‌ಪುಟ್ ಪಟ್ಟಿಯಲ್ಲಿ ಆ ಎಚ್‌ಡಿಎಂಐನ ಹೆಸರನ್ನು 'ಪಿಸಿ' ಅಂತ ಬದಲಿಸಿ. ಬರೀ ಹೆಸರು ಅಲ್ವಾ ಅನ್ನಿಸುತ್ತದೆ, ಆದರೆ ಎಲ್‌ಜಿ, ಸ್ಯಾಮ್‌ಸಂಗ್‌ನ ಎಷ್ಟೋ ಟಿವಿಗಳಲ್ಲಿ ಈ ಹೆಸರು ಕೊಟ್ಟರೇ ಪೂರ್ತಿ ಬಣ್ಣ ಬರುವುದು.

ತಡಕ್ಕೆ 'ಗೇಮ್ ಮೋಡ್' ಹಾಕಿ. ಟಿವಿ ಚಿತ್ರವನ್ನು ನಯ ಮಾಡುತ್ತಾ ಕೂರುತ್ತದೆ, ಆ ಕೆಲಸಕ್ಕೆ ಹಿಡಿಯುವ ಹೊತ್ತೇ ನಿಮಗೆ ತಡವಾಗಿ ಕಾಣುವುದು.

ಹುಬ್ಬಳ್ಳಿಯಿಂದ:
ಮೊದಲು ಪಿಸಿಯ ಹಿಂದೆ ಬಗ್ಗಿ ನೋಡಿ ಅಣ್ಣ. ಯುಎಸ್‌ಬಿ ಪಕ್ಕದ ಎಚ್‌ಡಿಎಂಐ ಮದರ್‌ಬೋರ್ಡಿನದು. ಕೆಳಗೆ ಅಡ್ಡಲಾಗಿ ಇರುವುದು ಕಾರ್ಡಿನದು. ಟಿವಿ ಹಿಂದೆ ಕತ್ತಲಲ್ಲಿ ತಡಕಾಡಿ ನಾನು ಮೇಲಿನದಕ್ಕೆ ಹಾಕಿದ್ದೆ. ಗೇಮ್ ತೆವಳುತ್ತಿತ್ತು, ಎರಡು ದಿನ ಡ್ರೈವರ್ ತೆಗೆಯುವುದು, ಹಾಕುವುದು, ಅದೇ ಆಯಿತು. ಸೌಂಡ್ ಬರದಿದ್ದರೆ ಗಡಿಯಾರದ ಹತ್ತಿರದ ಸ್ಪೀಕರ್ ಚಿಹ್ನೆ ಒತ್ತಿ ಟಿವಿ ಆರಿಸಿ, ಅಷ್ಟೇ.

ಬೆಂಗಳೂರಿನಿಂದ:
ಮೌಸ್ ಎಳೆದರೆ ಜಿಗಿಜಿಗಿದು ಹೋಗುತ್ತಿದೆಯಾ? ಹಾಗಿದ್ದರೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ಎಷ್ಟು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತಿದೆ ಅಂತ ನೋಡಿ. 30 ಇದ್ದರೆ ಸಿಕ್ಕಿತು ಕಾರಣ. ಎಚ್‌ಡಿಎಂಐನ ಹಳೇ ಆವೃತ್ತಿ 1.4ರಲ್ಲಿ 4ಕೆ ಹೋಗುವುದೇ 30 ಹರ್ಟ್ಸ್‌ಗೆ. 2.0ರಲ್ಲಿ 60, 2.1ರಲ್ಲಿ 120. ನಿಮ್ಮ ಕಾರ್ಡಿನಲ್ಲಿ 2.1 ಇದೆ, ತಡೆ ಇರುವುದು ಟಿವಿ ಕಡೆ. ಕೆಲವು ಟಿವಿಗಳಲ್ಲಿ ಒಂದೋ ಎರಡೋ ಪೋರ್ಟ್‌ಗೆ ಮಾತ್ರ ಪೂರ್ತಿ ಸಾಮರ್ಥ್ಯ ಕೊಟ್ಟಿರುತ್ತಾರೆ, ಅದೂ ಸೆಟ್ಟಿಂಗ್‌ನಲ್ಲಿ ಆಫ್ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಸೋನಿಯಲ್ಲಿ 'ಎನ್‌ಹಾನ್ಸ್ಡ್ ಫಾರ್ಮ್ಯಾಟ್' ಆನ್ ಮಾಡಿ. ಇದಾದ ಮೇಲೂ 60 ಬರದಿದ್ದರೆ ಆಗ ಕೇಬಲ್ ಮೇಲೆ ಅನುಮಾನ ಪಡಿ.

ಇನ್ನೊಂದು, 3060ಗೆ ಹೊಸ ಗೇಮ್‌ಗಳನ್ನು 4ಕೆಯಲ್ಲಿ ಎಳೆಯುವುದು ಕಷ್ಟ. ವಿಂಡೋಸ್ 4ಕೆಯಲ್ಲೇ ಇರಲಿ, ಗೇಮ್ ಒಳಗೆ ಡಿಎಲ್‌ಎಸ್‌ಎಸ್ ಹಾಕಿ, ಕಾರ್ಡ್ ಚಿಕ್ಕ ಚಿತ್ರ ಬಿಡಿಸಿ ಅದನ್ನೇ 4ಕೆಗೆ ಹಿಗ್ಗಿಸುತ್ತದೆ. ಸೋಫಾದಿಂದ ವ್ಯತ್ಯಾಸ ಅಷ್ಟೇನೂ ಕಾಣುವುದಿಲ್ಲ.

ತೀರ್ಥಹಳ್ಳಿಯಿಂದ:
ಎಲ್ಲರೂ ಚಿತ್ರದ ಬಗ್ಗೆ ಹೇಳಿದ್ದೀರಿ, ನಾನು ಕರೆಂಟ್ ಬಗ್ಗೆ ಹೇಳುತ್ತೇನೆ. ಪಿಸಿಯ ಕಬ್ಬಿಣದ ಮೈ ಮುಟ್ಟಿದರೆ ಬೆರಳ ತುದಿ ಜುಮ್ ಅನ್ನುತ್ತಾ? ಹಾಗಾದರೆ ಆ ಸಾಕೆಟ್‌ಗೆ ಅರ್ಥಿಂಗ್ ಇಲ್ಲ. ನಮ್ಮ ಮನೆಯಲ್ಲಿ ಮೂರು ಪಿನ್ ಸಾಕೆಟ್ ಇತ್ತು, ಅರ್ಥ್ ತಂತಿ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಟಿವಿಗೆ ಕೇಬಲ್‌ನವರ ವೈರ್ ಬೇರೆ ಇತ್ತು. ಎರಡೂ ಆನ್ ಇರುವಾಗಲೇ ಎಚ್‌ಡಿಎಂಐ ತೂರಿಸಿದೆ, ಸಣ್ಣ ಕಿಡಿ ಕಂಡಿತು, ಟಿವಿಯ ಆ ಪೋರ್ಟ್ ಅಲ್ಲಿಗೇ ಸತ್ತಿತು. ಮೊದಲು ಎರಡನ್ನೂ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು, ಆಮೇಲೆ ಜೋಡಿಸಿ. ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡನ್ನೂ ಹಾಕಿ. ಮಳೆಗಾಲದಲ್ಲಿ ಗುಡುಗು ಶುರುವಾದರೆ ಡಿಶ್ ವೈರ್ ಸಮೇತ ಎಲ್ಲ ಕಿತ್ತಿಡಿ.

ದಾವಣಗೆರೆಯಿಂದ:
ದಿನಾ ಪಿಸಿ ಎತ್ತಿ ಇಡುವುದು ಬೇಡ ಅನ್ನಿಸಿದರೆ ಸ್ಟೀಮ್ ಲಿಂಕ್ ಆ್ಯಪ್, ಇಲ್ಲವೇ ಪಿಸಿಯಲ್ಲಿ ಸನ್‌ಶೈನ್, ಟಿವಿಯಲ್ಲಿ ಮೂನ್‌ಲೈಟ್ ಆ್ಯಪ್ ಹಾಕಿ, ಪಿಸಿಯಲ್ಲಿ ಓಡುವ ಗೇಮ್ ಮನೆಯ ನೆಟ್‌ವರ್ಕ್ ಮೂಲಕ ಟಿವಿಯಲ್ಲಿ ಕಾಣುತ್ತದೆ. ದುಡ್ಡೇನೂ ಇಲ್ಲ. ಪಿಸಿಯನ್ನು ರೂಟರ್‌ಗೆ ವೈರ್‌ನಲ್ಲೇ ಹಾಕಿ. ಕಾರ್ ರೇಸ್, ಕಥೆಯ ಗೇಮ್‌ಗಳಿಗೆ ಚೆನ್ನಾಗಿದೆ, ಶೂಟಿಂಗ್ ಗೇಮ್‌ಗೆ ನೇರ ಕೇಬಲ್ಲೇ ಸರಿ. ಹತ್ತು ಮೀಟರ್ ದೂರ ಎಳೆಯುವುದಾದರೆ ಬೆಳಕಿನ ಎಳೆಯಲ್ಲಿ ಸಿಗ್ನಲ್ ಒಯ್ಯುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತಗೊಳ್ಳಿ. ಅದಕ್ಕೆ ದಿಕ್ಕು ಇರುತ್ತದೆ, 'ಸೋರ್ಸ್' ಅಂತ ಬರೆದ ತುದಿ ಪಿಸಿಗೆ. ಗೋಡೆಯೊಳಗೆ ತೂರಿಸುವ ಮೊದಲು ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಟಾಸ್ಕ್‌ಬಾರ್ ಪೂರ್ತಿ ಬಂತು. 'ಪಿಸಿ' ಅಂತ ಹೆಸರು ಬದಲಿಸಿದ ತಕ್ಷಣ ಅಕ್ಷರ ಚೊಕ್ಕವಾಯಿತು, ತಮ್ಮ ಸೋಫಾದಿಂದಲೇ ಓದಿ ಹೇಳಿದ. 30 ಇತ್ತು, ಪೋರ್ಟ್ ಬದಲಿಸಿದ ಮೇಲೆ 60 ಆಯಿತು. ಹಳೇ ಕೇಬಲ್ಲೇ ಸಾಕಾಯಿತು. ಪಿಸಿ ಮುಟ್ಟಿದರೆ ಜುಮ್ ಅನ್ನುವುದು ನಿಜ, ಇಷ್ಟು ದಿನ ಎಲ್ಲ ಪಿಸಿಯೂ ಹಾಗೇ ಅಂದುಕೊಂಡಿದ್ದೆ. ಈಗ ಎಲ್ಲ ಕಿತ್ತಿಟ್ಟಿದ್ದೇನೆ, ನಾಳೆ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬರುತ್ತಾರೆ.